ತಪಾಸಣೆ ಹನ್ನೊಂದಕ್ಕೆ, ಅಪಾಯ ಆರಕ್ಕೆ

ನಮ್ಮ ಸೈಟಿಗೆ ತಪಾಸಣೆಗೆ ಬರುವವರು ಬೆಳಗ್ಗೆ ಹನ್ನೊಂದರ ಸುಮಾರಿಗೆ ಬರುತ್ತಾರೆ. ಬರುವ ಸುದ್ದಿ ಹಿಂದಿನ ದಿನವೇ ಬಂದಿರುತ್ತದೆ. ಹಾಗಾಗಿ ಹನ್ನೊಂದಕ್ಕೆ ಎಲ್ಲರ ತಲೆ ಮೇಲೂ ಹಳದಿ ಹೆಲ್ಮೆಟ್. ದಾರಿಯಲ್ಲಿ ಬಿದ್ದಿದ್ದ ಮೊಳೆ ಹಲಗೆಗಳೆಲ್ಲ ಗೋಡೆಯ ಹಿಂದೆ. ಚಹಾ, ಬಿಸ್ಕೀಟು ಮೇಜಿನ ಮೇಲೆ. ಬಂದವರು ಒಂದು ಸುತ್ತು ಹಾಕುತ್ತಾರೆ, ಫಾರ್ಮಿನಲ್ಲಿ ಟಿಕ್ ಮಾಡುತ್ತಾರೆ, ನಾಲ್ಕು ಫೋಟೊ ತೆಗೆದುಕೊಂಡು ಹೋಗುತ್ತಾರೆ. ಅದೇ ಸೈಟಿಗೆ ಸಂಜೆ ಆರಕ್ಕೆ ಬಂದು ನೋಡಿ. ಬೆಳಕು ಕಡಿಮೆಯಾಗಿರುತ್ತದೆ, ಮೈ ಸೋತಿರುತ್ತದೆ, ಇನ್ನೊಂದು ನಾಲ್ಕು ಬುಟ್ಟಿ ಹಾಕಿದರೆ ಕೆಲಸ ಮುಗಿಯಿತು ಅನ್ನುವ ಅವಸರ ಇರುತ್ತದೆ. ಜಾರುವುದು, ಬೀಳುವುದು, ಕೈ ಸಿಕ್ಕಿಕೊಳ್ಳುವುದು ಆ ಹೊತ್ತಿಗೇ ಜಾಸ್ತಿ. ಆ ಹೊತ್ತಿಗೆ ಫಾರ್ಮ್ ಹಿಡಿದವರು ಯಾರೂ ಇರುವುದಿಲ್ಲ.

ನಾನು ಸಿವಿಲ್ ಡಿಪ್ಲೊಮಾ ಓದಿದವಳು. ವಿಜಯಪುರದ ಸೋಲಾಪುರ ರಸ್ತೆ ಕಡೆ ಒಂದು ಹಾಸ್ಟೆಲ್ ಕಟ್ಟುವ ಸೈಟಿನಲ್ಲಿ ಜೂನಿಯರ್ ಎಂಜಿನಿಯರ್. ಕೆಳಗಿನದು ಬಿಟ್ಟು ಮೇಲೆ ಮೂರು ಮಹಡಿ. ಕೆಲಸ ಜೋರಿದ್ದಾಗ ಅರವತ್ತು ಎಪ್ಪತ್ತು ಜನ ಇರುತ್ತಾರೆ. ಪ್ರತ್ಯೇಕ ಸೇಫ್ಟಿ ಆಫೀಸರ್ ಕಡ್ಡಾಯ ಆಗಬೇಕಾದರೆ ಹಳೇ ನಿಯಮದಲ್ಲಿ 500 ಜನ ಇರಬೇಕಿತ್ತು. 2025ರ ನವೆಂಬರ್ 21ರಿಂದ ಜಾರಿಗೆ ಬಂದ, ಕಾರ್ಮಿಕರ ಸುರಕ್ಷತೆಯ ಹೊಸ ಸಂಹಿತೆಯಲ್ಲಿ ಕಟ್ಟಡ ಕೆಲಸಕ್ಕೆ ಅದು 250 ಆಗಿದೆ. ನಮ್ಮಂಥ ಸೈಟು ಎರಡರಲ್ಲೂ ಬರುವುದಿಲ್ಲ. ಆದರೆ ಕೆಲಸ ಯಾರಿಗಾದರೂ ಕಟ್ಟಬೇಕಲ್ಲ, ಅಲ್ವಾ? ಎಲ್ಲರಿಗಿಂತ ಸಣ್ಣವರಿಗೆ ಕಟ್ಟುತ್ತಾರೆ. "ತಂಗಿ, ಆ ಸೇಫ್ಟಿ ರಿಜಿಸ್ಟರ್ ನೀನ ನೋಡ್ಕೊಂಡ ಬಿಡು" ಅಂದರು ನಮ್ಮ ಕಂಟ್ರಾಕ್ಟರ್ ಸಾವಕಾರರು. ಸಂಬಳದಲ್ಲಿ ಏನೂ ಬದಲಾಗಲಿಲ್ಲ ಅಂತ ಬೇರೆ ಹೇಳಬೇಕಿಲ್ಲ.

ಆ ರಿಜಿಸ್ಟರ್ ಹಿಡಿದು ಓಡಾಡುತ್ತಾ ನನಗೆ ಮನದಟ್ಟಾದ ಮಾತು ಒಂದೇ. ಸೈಟಿನ ಅಪಾಯ ಅಲ್ಲಿ ಕೆಲಸ ಮಾಡುವವರಿಗೆ ಮೊದಲೇ ಗೊತ್ತಿರುತ್ತದೆ. ಯಾವ ಹಲಗೆ ಅಲುಗುತ್ತದೆ, ಯಾವ ವೈರು ಜುಮ್ ಅನ್ನುತ್ತದೆ, ಯಾವ ಏಣಿಯ ಮೂರನೇ ಮೆಟ್ಟಿಲು ಸಡಿಲ, ಎಲ್ಲ ಗೊತ್ತು. ಹೇಳಿದರೆ ತಮ್ಮ ಕೂಲಿಗೇ ಕತ್ತರಿ ಬೀಳುತ್ತದೆ ಅನ್ನುವುದೂ ಗೊತ್ತು. ಅದಕ್ಕೆ ಸುಮ್ಮನಿರುತ್ತಾರೆ.

ಪಾಯದ ಕೆಲಸ ನಡೆದಾಗಿನ ಮಾತು ಹೇಳುತ್ತೇನೆ. ನಮ್ಮದು ಎರೆ ಮಣ್ಣಿನ ಸೀಮೆ. ಜೋಳಕ್ಕೆ ಬಂಗಾರದಂಥ ನೆಲ, ಕಟ್ಟಡಕ್ಕೆ ಮಾತ್ರ ಕಾಟ. ನೀರು ಕುಡಿದರೆ ಉಬ್ಬುತ್ತದೆ, ಒಣಗಿದರೆ ಕುಗ್ಗಿ ಬಿರಿಯುತ್ತದೆ. ಬೇಸಿಗೆಯಲ್ಲಿ ಹೊಲದ ಬಿರುಕಿನಲ್ಲಿ ಕೈ ಇಳಿಸಬಹುದು. ಅದಕ್ಕೇ ಇಲ್ಲಿ ಎರೆ ದಾಟಿ ಗರಸೋ ಕಲ್ಲೋ ಸಿಗುವ ತನಕ ಅಗೆಯಬೇಕು. ನಮ್ಮ ಗುಂಡಿಗಳು ಎರಡು ಮೀಟರ್ ಮೀರಿ ಇಳಿದಿದ್ದವು. ಒಣ ಎರೆಯ ಗುಂಡಿಯ ಗೋಡೆ ನೆಟ್ಟಗೆ, ಗಟ್ಟಿಯಾಗಿ ನಿಲ್ಲುತ್ತದೆ. ಜೆಸಿಬಿ ಹಲ್ಲಿನ ಗೆರೆ ಕೂಡ ಹಾಗೇ ಉಳಿದಿರುತ್ತದೆ. ನೋಡಿದವರಿಗೆ ಪೂರಾ ನಂಬಿಕೆ ಬಂದುಬಿಡುತ್ತದೆ, ಮೋಸ ಇರುವುದೂ ಅಲ್ಲೇ. ಬೇಸಿಗೆಯ ಬಿರುಕು ಒಳಗೆ ಇದ್ದೇ ಇರುತ್ತದೆ. ಒಂದು ಮಳೆಯಾಗಿ ನೀರು ಅದರೊಳಗೆ ಇಳಿದರೆ ಇಡೀ ಪದರ ಒಂದೇ ಸಲ ಕಳಚಿ ಬೀಳುತ್ತದೆ. ಹಸಿ ಮಣ್ಣು ಒಂದು ಘನ ಮೀಟರಿಗೆ ಒಂದೂವರೆ ಟನ್ನಿಗಿಂತ ಜಾಸ್ತಿ ತೂಗುತ್ತದೆ. ಎದೆ ಮಟ್ಟ ಹೂತರೂ ಸಾಕು. ತಲೆ ಹೊರಗೇ ಇದ್ದರೂ ಉಸಿರು ಎಳೆದುಕೊಳ್ಳಲು ಪಕ್ಕೆಲುಬಿಗೆ ಜಾಗ ಇರುವುದಿಲ್ಲ.

ಪುಸ್ತಕದ ನಿಯಮ ಸರಳವಾಗಿದೆ. ಐಎಸ್, ಅಂದರೆ ಭಾರತೀಯ ಮಾನಕ. ಅದರಲ್ಲಿ ಐಎಸ್ 3764 ಅಂತ ಅಗೆತದ ಕೆಲಸಕ್ಕೇ ಒಂದು ಸಂಹಿತೆ ಇದೆ. ಒಂದೂವರೆ ಮೀಟರಿಗಿಂತ ಆಳ ಹೋದರೆ ಪಕ್ಕಕ್ಕೆ ಹಲಗೆ ಕೊಟ್ಟು ಆನಿಸಬೇಕು, ಇಲ್ಲವೇ ಗೋಡೆಯನ್ನು ಇಳಿಜಾರಾಗಿ ಕಡಿಯಬೇಕು. ಅಗೆದ ಮಣ್ಣನ್ನು ಅಂಚಿಗೆ ಒಟ್ಟಬಾರದು, ಕಡಿಮೆ ಅಂದರೂ ಒಂದೂವರೆ ಮೀಟರ್ ದೂರ ಹಾಕಬೇಕು. ಹತ್ತಿ ಇಳಿಯಲು ಏಣಿ ಇರಬೇಕು. ನಮ್ಮ ಕಡೆ ಮಣ್ಣು ಅಂಚಿನ ಮೇಲೇ ಇರುತ್ತದೆ. ಯಾಕೆಂದರೆ ಪಾಯ ತುಂಬಿದ ಮೇಲೆ ಅದನ್ನೇ ವಾಪಸ್ ಎಳೆಯಬೇಕು. ದೂರ ಹಾಕಿದರೆ ಜೆಸಿಬಿಗೆ ಇನ್ನೊಂದು ತಾಸಿನ ಬಾಡಿಗೆ.

ರೋಹಿಣಿ ಮಳೆಯ ಒಂದು ಅಡ್ಡ ಹೊಡೆತ ಆದ ಮರುದಿನ ಬುಟ್ಟಿ ಹೊರುವ ಹೆಂಗಸೊಬ್ಬಳು ನೀರು ಕುಡಿಯುವ ನೆಪದಲ್ಲಿ ನನ್ನ ಹತ್ತಿರ ಬಂದಳು. ತಾಂಡಾದಿಂದ ಬರುವವಳು, ಮಾತು ಕಡಿಮೆ. "ಅಕ್ಕಾರ, ಆ ಮೂಲ್ಯಾಗ ಮಣ್ಣ ಉದರ್ಲಿಕ್ಕತ್ತದ್ರಿ" ಅಂದಳು. ಹೋಗಿ ನೋಡಿದೆ. ಗುಂಡಿಯ ಅಂಚಿಗೆ ಸಮನಾಗಿ, ಒಂದು ಮೊಳ ಒಳಗೆ, ಉದ್ದಕ್ಕೆ ಬಿರುಕು. ಅದರ ಮೇಲೆ ಹಸಿ ಮಣ್ಣಿನ ರಾಶಿ. ಕೆಳಗೆ ಮೂರು ಜನ ಕಬ್ಬಿಣದ ಸಳಿ ಕಟ್ಟುತ್ತಾ ಕೂತಿದ್ದರು. ಅವರನ್ನು ಮೇಲೆ ಕರೆಸಿ ಜೆಸಿಬಿ ತರಿಸಿದೆವು. ಅದು ಮಣ್ಣು ಕೆರೆಯಲು ಮೊದಲ ಸಲ ಬಕೆಟ್ ಇಟ್ಟಿದ್ದೇ ತಡ, ಬಿರುಕಿನ ಆಚೆಯ ಪಟ್ಟಿ ಪೂರ್ತಿ ಗುಂಡಿಗೆ ಇಳಿಯಿತು. ಕಟ್ಟಿದ್ದ ಸಳಿ ಎಲ್ಲ ಮಣ್ಣಿನಡಿ.

ಮಣ್ಣು ಉದುರುವುದನ್ನು ಅವಳು ಹಿಂದಿನ ಸಂಜೆಯೇ ನೋಡಿದ್ದಳಂತೆ. ಗ್ಯಾಂಗಿನ ಮುಖ್ಯಸ್ಥ ಮುಕಾದಮನಿಗೆ ಹೇಳಿದ್ದಳು. "ಸುಮ್ ಕುಂದ್ರು. ಕೆಲಸ ನಿಂತ್ರ ಹಾಜ್ರಿ ನಿಮ್ಮಪ್ಪ ಕೊಡ್ತಾನೇನು?" ಅಂದನಂತೆ.

ಆ ಮುಕಾದಮನನ್ನು ಇಲ್ಲಿ ರಾಕ್ಷಸ ಮಾಡುವುದು ಸುಲಭ. ಅವನ ಲೆಕ್ಕವನ್ನೂ ನೋಡಬೇಕು. ಅವನು ತನ್ನ ಗ್ಯಾಂಗಿನ ಪ್ರತಿಯೊಬ್ಬರಿಗೂ ಮುಂಗಡ ಕೊಟ್ಟು ಕರೆದುಕೊಂಡು ಬಂದಿರುತ್ತಾನೆ. ಸಾವಕಾರರು ಅವನಿಗೆ ದುಡ್ಡು ಕೊಡುವುದು ಗುಂಡಿಯ ಲೆಕ್ಕದಲ್ಲಿ. ಅವನು ಜನಕ್ಕೆ ಕೊಡುವುದು ದಿನದ ಲೆಕ್ಕದಲ್ಲಿ. ಅರ್ಧ ದಿನ ಕೆಲಸ ನಿಂತರೆ ಆ ಅರ್ಧ ದಿನ ಅವನ ಕೈಯಿಂದ ಹೋಗಬೇಕು, ಇಲ್ಲ ಜನರ ಹಾಜರಿ ಹೋಗಬೇಕು. ಶನಿವಾರದ ಬಟವಾಡೆಯಲ್ಲಿ ಯಾರದು ಕಡಿಮೆಯಾಗುತ್ತದೆ ಅನ್ನುವುದು ನಿಮಗೇ ಗೊತ್ತು. ಹೀಗಿರುವಾಗ "ಅಪಾಯ ಕಂಡರೆ ತಕ್ಷಣ ತಿಳಿಸಿ" ಅಂತ ಗೋಡೆಗೆ ಬೋರ್ಡ್ ಬರೆಸಿದರೆ ಯಾರು ತಿಳಿಸುತ್ತಾರೆ?

ಆವತ್ತು ನಾನು ಸಾವಕಾರರ ಮುಂದೆ ಒಂದು ಹಾಳೆ ಇಟ್ಟೆ. 1923ರ ಪರಿಹಾರ ಕಾಯ್ದೆಯಲ್ಲಿದ್ದ ಲೆಕ್ಕ. ಕೆಲಸದಲ್ಲಿ ಒಬ್ಬರು ಸತ್ತರೆ ತಿಂಗಳ ಕೂಲಿಯ ಅರ್ಧವನ್ನು ವಯಸ್ಸಿಗೆ ತಕ್ಕಂತೆ ಕಾಯ್ದೆ ಕೊಟ್ಟ ಅಂಕಿಯಿಂದ ಗುಣಿಸುತ್ತಿದ್ದರು. ಕೂಲಿಯನ್ನು ಹೆಚ್ಚೆಂದರೆ 15,000 ಅಂತ ಹಿಡಿಯುತ್ತಿದ್ದರು. ಇಪ್ಪತ್ತೈದರ ವಯಸ್ಸಿಗೆ ಆ ಅಂಕಿ 216.91. ಅಂದರೆ 7,500 ಗುಣಿಸು 216.91, ಒಟ್ಟು 16,26,825 ರೂಪಾಯಿ. ಪಕ್ಕದಲ್ಲಿ ಇನ್ನೊಂದು ಲೆಕ್ಕ ಬರೆದಿದ್ದೆ. ಒಂದು ಗ್ಯಾಂಗಿನ ಅರ್ಧ ದಿನದ ಹಾಜರಿ ಮತ್ತು ಜೆಸಿಬಿಯ ಎರಡು ತಾಸು. ಅವರು ಕನ್ನಡಕ ಹಾಕಿಕೊಂಡು ಎರಡನ್ನೂ ಓದಿದರು. ಧರ್ಮ, ಕರುಣೆ ಅಂತ ನಾನು ಏನೂ ಹೇಳಲಿಲ್ಲ. ಕಂಟ್ರಾಕ್ಟರ್ ಜೊತೆ ಮಾತಾಡುವಾಗ ಅಂಕಿಯಲ್ಲೇ ಮಾತಾಡಬೇಕು ಅನ್ನುವುದು ನನ್ನ ಅಭಿಪ್ರಾಯ. ಅವರಿಗೂ ಅದೇ ಗೌರವ ಅನ್ನಿಸುತ್ತದೆ. ಕೊನೆಗೆ, ಯಾರಾದರೂ ಅಪಾಯ ಹೇಳಿದ್ದರಿಂದ ಕೆಲಸ ನಿಂತರೆ ಆ ಹೊತ್ತಿನ ಹಾಜರಿ ಪೂರ್ತಿ ಸಿಗಬೇಕು, ಅದನ್ನು ಸೈಟೇ ಕೊಡಬೇಕು, ಮುಕಾದಮನ ಲೆಕ್ಕಕ್ಕೆ ಹಾಕಬಾರದು ಅಂತ ಒಪ್ಪಿದರು. "ಆದ್ರ ಕಳ್ಳಾಟ ಆಡಿದ್ರ ನಿನ್ನ ಜವಾಬ್ದಾರಿ, ನೋಡು" ಅಂದರು. ಇಲ್ಲಿಯವರೆಗೆ ಕಳ್ಳಾಟ ಆಡಿದವರನ್ನು ನಾನು ಕಂಡಿಲ್ಲ. ಬಿಸಿಲಲ್ಲಿ ಸುಮ್ಮನೆ ಕೂರುವುದು ಅವರಿಗೂ ಬೇಜಾರೇ.

ಇನ್ನು ಹೆಲ್ಮೆಟ್. ತಪಾಸಣೆಯ ಫಾರ್ಮಿನಲ್ಲಿ ಮೊದಲ ಸಾಲೇ ಇದು. ಐಎಸ್ 2925 ಗುರುತಿನ ಹೆಲ್ಮೆಟ್ ಎಲ್ಲರೂ ಹಾಕಿದ್ದಾರೆಯೇ, ಹೌದು, ಇಲ್ಲ. ನಮ್ಮ ಸೈಟಿನಲ್ಲಿ ಬುಟ್ಟಿ ಹೊರುವ ಹೆಂಗಸರು ಹದಿನೈದು ಇಪ್ಪತ್ತು ಜನ. ಅವರ ತಲೆ ಮೇಲೆ ಸಿಂಬಿ, ಅದರ ಮೇಲೆ ಉಸುಕಿನದೋ ಖಡಿಯದೋ ಬುಟ್ಟಿ. ಹೆಲ್ಮೆಟ್ ಎಲ್ಲಿ ಹಾಕಬೇಕು? ಗುಂಡಗಿನ ನುಣುಪು ಪ್ಲಾಸ್ಟಿಕ್ ಮೇಲೆ ಸಿಂಬಿ ನಿಲ್ಲುವುದಿಲ್ಲ, ಬುಟ್ಟಿ ವಾಲುತ್ತದೆ, ಕುತ್ತಿಗೆ ತಿರುಚುತ್ತದೆ. ಹಾಗಾಗಿ ಫೋಟೊ ತೆಗೆಯುವಾಗ ಹೆಲ್ಮೆಟ್ ಹಾಕಿಕೊಂಡು ಬುಟ್ಟಿ ಕೆಳಗಿಟ್ಟು ನಿಲ್ಲುತ್ತಾರೆ. ಫೋಟೊ ಮುಗಿದ ಮೇಲೆ ಹೆಲ್ಮೆಟ್ ಕೆಳಗಿಟ್ಟು ಬುಟ್ಟಿ ಹೊರುತ್ತಾರೆ. ಇದು ಬಂದವರಿಗೂ ಗೊತ್ತು, ನಮಗೂ ಗೊತ್ತು. ಆ ಫಾರ್ಮ್ ಬರೆದವರ ಕಣ್ಣ ಮುಂದೆ ಇದ್ದದ್ದು ಕೈಯಲ್ಲಿ ಸ್ಪ್ಯಾನರ್ ಹಿಡಿದ ಗಂಡಸು. ತಲೆ ಮೇಲೆ ಭಾರ ಹೊರುವ ಹೆಂಗಸಿಗೆ ಅದರಲ್ಲಿ ಜಾಗ ಇಲ್ಲ.

ನಾನು ಅವರಿಗೆ ಹೆಲ್ಮೆಟ್ ಹಾಕಿ ಅಂತ ಗದರಿಸುವುದನ್ನು ಬಿಟ್ಟು ಅವರು ನಡೆಯುವ ದಾರಿಯನ್ನು ಹಿಡಿದುಕೊಂಡೆ. ಅವರ ತಲೆ ಮೇಲೆ ಏನಾದರೂ ಬೀಳಬೇಕಾದರೆ ಮೇಲೆ ಯಾರಾದರೂ ಕೆಲಸ ಮಾಡುತ್ತಿರಬೇಕು. ಹೊರುವ ಹೊತ್ತಿನಲ್ಲಿ ಆ ಬದಿಯ ಗಿಲಾವು, ಅಂದರೆ ಪ್ಲಾಸ್ಟರ್ ಕೆಲಸ ನಿಲ್ಲಿಸಿ ಇನ್ನೊಂದು ಬದಿಗೆ ಗೌಂಡಿಗಳನ್ನು ಕಳಿಸುತ್ತೇವೆ. ಮೆಟ್ಟಿಲಿನ ಬಾಯಿಗೆ ಜಿಂಕ್ ಶೀಟಿನ ಚಪ್ಪರ ಹಾಕಿಸಿದ್ದೇವೆ. ಸ್ಕ್ಯಾಫೋಲ್ಡಿಂಗ್ ಹಲಗೆಯ ಅಂಚಿಗೆ ಗೇಣೆತ್ತರದ ಅಡ್ಡ ಹಲಗೆ ಕಟ್ಟಿಸಿದೆವು, ಇಟ್ಟಂಗಿ ಚೂರು, ಕರಣೆ ಕಾಲಿಗೆ ತಾಗಿ ಕೆಳಗೆ ಬೀಳದಂತೆ. ನಿಜವಾದ ಪರಿಹಾರ ಭಾರ ಎತ್ತುವ ಲಿಫ್ಟ್ ಮಷಿನ್ ತರಿಸುವುದು. ಅದರ ಕಥೆ ಆಮೇಲೆ.

ಗಂಡಸರ ಹೆಲ್ಮೆಟ್ ಕಥೆ ಬೇರೆ. ಏಪ್ರಿಲ್, ಮೇ ತಿಂಗಳಲ್ಲಿ ಇಲ್ಲಿ 40 ಡಿಗ್ರಿ ದಾಟುವುದು ಮಾಮೂಲು. ನಮ್ಮ ಹಿರೇ ಗೌಂಡಿ ಕಾಕಾ ಹೆಲ್ಮೆಟ್ ತೆಗೆದು ಒಳಗಿನ ಬೆವರು ನನಗೆ ಸುರಿದು ತೋರಿಸಿದರು. "ನೀವ ಹಾಕ್ಕೊಂಡ ಮಧ್ಯಾಹ್ನ ಮೂರಕ್ಕ ಮ್ಯಾಲ ನಿಲ್ರಿ ಮೇಡಂ, ಆಮ್ಯಾಲ ಮಾತಾಡೋಣ." ಹಾಕಿಕೊಂಡು ನಿಂತೆ. ಅವರ ಮಾತು ಸುಳ್ಳಲ್ಲ. ಈಗ ಬೇಸಿಗೆಯಲ್ಲಿ ಕೆಲಸ ಬೆಳಗ್ಗೆ ಆರೂವರೆಗೆ ಶುರು, ಮಧ್ಯಾಹ್ನ ಹನ್ನೆರಡರಿಂದ ಮೂರೂವರೆ ಬಿಡುವು. ಹೆಲ್ಮೆಟ್ ಹಾಕುವವರ ಸಂಖ್ಯೆ ತಾನಾಗೇ ಜಾಸ್ತಿ ಆಯಿತು.

ಕರೆಂಟಿನ ವಿಷಯ ನನಗೆ ಗೊತ್ತಾದದ್ದು ಒಂದು ತಮಾಷೆಯಿಂದ. ಚಹಾದ ಹೊತ್ತಿಗೆ ಹುಡುಗರು ಒಬ್ಬ ಹೊಸಬನನ್ನು ಕಾಡಿಸುತ್ತಿದ್ದರು. ಒಡಿಶಾದವನು. ಫರಸಿ ಕಟ್ ಮಾಡುವ ಮಷಿನ್ ಮುಟ್ಟಿ ಅವನು ಹೇಗೆ ಎಗರಿದ ಅಂತ ಒಬ್ಬ ಎದ್ದು ಕುಣಿದು ತೋರಿಸುತ್ತಿದ್ದ. ಎಲ್ಲರೂ ನಗುತ್ತಿದ್ದರು, ಆ ಹುಡುಗನೂ. ಏನದು ಅಂತ ಕೇಳಿದೆ. "ಏನಿಲ್ರಿ, ಆ ಮಷಿನ್ ಸ್ವಲ್ಪ ಜುಮ್ ಅಂತದ. ಚಪ್ಲಿ ಹಾಕ್ಕೊಂಡ್ರ ಏನೂ ಆಗಂಗಿಲ್ಲ." ಎಷ್ಟು ದಿನದಿಂದ? "ಮೊದಲಿಂದನೂ ಹಂಗ ಅದ."

ಕಲ್ಲು ಕೊಯ್ಯುವಾಗ ನೀರು ಬಿಡುತ್ತಾರೆ. ಅಂದರೆ ಕಾಲ ಕೆಳಗೆ ಯಾವಾಗಲೂ ಕೆಸರು. ವೈರು ಎರಡೆಳೆಯದು, ಅರ್ಥಿಂಗ್ ಇಲ್ಲ. ತುದಿಗೆ ಪ್ಲಗ್ ಇಲ್ಲ, ಬರೀ ತಂತಿಯನ್ನು ಸಾಕೆಟ್ಟಿಗೆ ಸಿಗಿಸಿ ಬೆಂಕಿಕಡ್ಡಿ ಚುಚ್ಚಿದ್ದರು. ಹಳಬರೆಲ್ಲ ಹಲಗೆಯ ಮೇಲೆ ಚಪ್ಪಲಿ ಹಾಕಿಕೊಂಡು ನಿಲ್ಲುವುದನ್ನು ಕಲಿತುಬಿಟ್ಟಿದ್ದರು. ಬರಿಗಾಲಲ್ಲಿ ಬಂದ ಹೊಸಬನಿಗೆ ಯಾರೂ ಹೇಳಿರಲಿಲ್ಲ, ಎಲ್ಲರಿಗೂ ಗೊತ್ತಿರುವ ಮಾತನ್ನು ಏನು ಹೇಳುವುದು ಅಂತ. ಅವತ್ತಿನಿಂದ ನಾನು ಚಹಾದ ಹೊತ್ತಿನ ನಗುವನ್ನು ಬಿಡದೆ ಕೇಳಿಸಿಕೊಳ್ಳುತ್ತೇನೆ. "ಏನಾದರೂ ಅಪಾಯ ಇದೆಯಾ?" ಅಂತ ಕೇಳಿದರೆ "ಇಲ್ರಿ" ಅಂತ ಉತ್ತರ ಬರುತ್ತದೆ. ಯಾರು ಜಾರಿದರು, ಯಾರು ಎಗರಿದರು, ಯಾರ ಪ್ಯಾಂಟು ಹರಿಯಿತು ಅಂತ ಅವರವರೇ ನಗುವಾಗ ಪೂರ್ತಿ ವರದಿ ಸಿಗುತ್ತದೆ.

ಮೂರೆಳೆಯ ಕೇಬಲ್ ಹಾಕಿಸಿ, ಬೋರ್ಡಿಗೆ 30 ಮಿಲಿಆಂಪಿಯರಿನ ಆರ್‌ಸಿಸಿಬಿ ಕೂರಿಸಿದೆವು. ಕರೆಂಟ್ ಎಲ್ಲಾದರೂ ಸೋರಿದರೆ ಅದು ತಾನೇ ಕಡಿದುಕೊಳ್ಳುತ್ತದೆ. ಕೂರಿಸಿದ ಮೇಲೆ ಶುರುವಾಯಿತು ನೋಡಿ ಗೋಳು. ಮಷಿನ್ ಹಚ್ಚಿದ ಕೂಡಲೇ ಟಪ್ ಅಂತ ಬೀಳುತ್ತಿತ್ತು. "ಈ ಡಬ್ಬಿ ಕೆಲಸ ಮಾಡಗೊಡಂಗಿಲ್ರಿ" ಅಂತ ದೂರು. ಡಬ್ಬಿ ಸರಿಯಾಗಿಯೇ ಇತ್ತು, ಮಷಿನ್ನೇ ಸೋರುತ್ತಿತ್ತು. ಅದನ್ನು ರಿಪೇರಿಗೆ ಕಳಿಸಿ ಬರುವ ತನಕ ಡಬ್ಬಿಯನ್ನು ಬಿಟ್ಟು ನೇರ ವೈರು ಎಳೆಯದಂತೆ ಕಾಯುವುದೇ ದೊಡ್ಡ ಕೆಲಸವಾಯಿತು. ಅದರ ಮೇಲೆ ಟಿ ಅಂತ ಒಂದು ಗುಂಡಿ ಇರುತ್ತದೆ. ಅದನ್ನು ಒತ್ತಿದರೆ ಸ್ವಿಚ್ ಬೀಳಬೇಕು, ಬೀಳದಿದ್ದರೆ ಡಬ್ಬಿ ಸತ್ತಿದೆ ಅಂತ ಅರ್ಥ. ಪ್ರತಿ ಸೋಮವಾರ ಅದನ್ನು ಒತ್ತುವ ಕೆಲಸವನ್ನು ಆ ಒಡಿಶಾದ ಹುಡುಗನಿಗೇ ಕೊಟ್ಟಿದ್ದೇವೆ. ಬಹಳ ಗತ್ತಿನಿಂದ ಒತ್ತುತ್ತಾನೆ.

ದೂರು ಹಾಕಲು ನಮ್ಮಲ್ಲಿ ಮೊದಲು ಒಂದು ಡಬ್ಬಿ ಇತ್ತು. ಕೆಂಪು ಬಣ್ಣ, ಬೀಗ, "ಸಲಹೆ ಮತ್ತು ದೂರು ಪೆಟ್ಟಿಗೆ" ಅಂತ ಬರಹ. ಬೀಗ ತೆಗೆದಾಗ ಒಳಗೆ ಗುಟ್ಕಾ ಚೀಟಿ ಮತ್ತು ಯಾರದೋ ಲಾಟರಿ ನಂಬರು. ಬರೆಯಲು ಬಾರದವರ ಮುಂದೆ ಪೆಟ್ಟಿಗೆ ಇಟ್ಟರೆ ಇನ್ನೇನು ಸಿಗುತ್ತದೆ? ಈಗ ವಾಟ್ಸಾಪ್ ಧ್ವನಿ ಸಂದೇಶ. ಯಾವ ಭಾಷೆಯಲ್ಲಾದರೂ ಸರಿ, ನನ್ನ ನಂಬರಿಗೆ ನೇರವಾಗಿ ಕಳಿಸಬೇಕು, ಗುಂಪಿಗೆ ಹಾಕುವುದು ಬೇಡ. ಗುಂಪಿಗೆ ಹಾಕಿದರೆ ಹೇಳಿದವರು ಯಾರು ಅಂತ ಮುಕಾದಮನಿಗೆ ಗೊತ್ತಾಗುತ್ತದೆ. ಏನು ಹೇಳಬೇಕು ಅಂತ ಎಲ್ಲರಿಗೂ ಹೇಳಿಕೊಟ್ಟಿದ್ದೇನೆ. ಯಾವ ಕಂಬದ ಹತ್ತಿರ, ಏನಾಗಿದೆ, ಯಾವಾಗಿನಿಂದ, ಅಲ್ಲಿ ಈಗ ಯಾರಾದರೂ ಕೆಲಸ ಮಾಡುತ್ತಿದ್ದಾರಾ. "ಸೇಫ್ಟಿ ಇಲ್ಲ" ಅಂದರೆ ನಾನು ಎಲ್ಲಿ ಹುಡುಕಲಿ? "ಹನ್ನೆರಡನೇ ಕಂಬದ ಬಾಜೂಕ ರೇಲಿಂಗ್ ಬಿಚ್ಯಾರ, ಮುಂಜಾನಿಂದ ಹಂಗ ಅದ" ಅಂದರೆ ಐದು ನಿಮಿಷದಲ್ಲಿ ಹೋಗಿ ನಿಲ್ಲಬಹುದು.

ಅದೇ ದಿನ ಸರಿ ಮಾಡಿಸಿದರೆ ಫೋಟೊ ತೆಗೆದು ಹೇಳಿದವರಿಗೆ ವಾಪಸ್ ಕಳಿಸುತ್ತೇನೆ. ಅದೇ ದಿನ ಆಗದಿದ್ದರೆ ಹಗ್ಗ ಕಟ್ಟಿ ಜಾಗ ಬಂದ್ ಮಾಡಿ ಅದರ ಫೋಟೊ ಕಳಿಸುತ್ತೇನೆ. ಉತ್ತರ ಬಾರದ ದೂರನ್ನು ಯಾರೂ ಎರಡನೇ ಸಲ ಹೇಳುವುದಿಲ್ಲ. ಬಹುಮಾನ ಕೊಡಿ ಅಂತ ಒಬ್ಬರು ಸಲಹೆ ಕೊಟ್ಟರು. ನನಗೆ ಇಷ್ಟವಾಗಲಿಲ್ಲ. ನೂರು ರೂಪಾಯಿ ಇಟ್ಟರೆ ದಿನಕ್ಕೆ ಮೂವತ್ತು ಬಾಳೆಹಣ್ಣಿನ ಸಿಪ್ಪೆಯ ಫೋಟೊ ಬರುತ್ತವೆ.

ಒಂದನೇ ಸ್ಲ್ಯಾಬಿನ ದಿನ ದೊಡ್ಡ ಜಟಾಪಟಿ ಆಯಿತು. ಆರು ಇಂಚಿನ ಸ್ಲ್ಯಾಬ್ ಅಂದರೆ ಒಂದು ಚದರ ಮೀಟರಿಗೆ ಬರೀ ಕಾಂಕ್ರೀಟೇ 375 ಕೆಜಿ ಹತ್ತಿರ. ಅದರ ಮೇಲೆ ಜನ, ಪೈಪು, ವೈಬ್ರೇಟರ್. ಅದೆಲ್ಲ ನಿಲ್ಲುವುದು ಕೆಳಗಿನ ತಾತ್ಕಾಲಿಕ ಆನಿಕೆ ಕಂಬಗಳ, ಅಂದರೆ ಪ್ರಾಪ್‌ಗಳ ಮೇಲೆ. ಪ್ರಾಪ್ ನಿಲ್ಲುವುದು ನೆಲದ ಮೇಲೆ. ನಮ್ಮಲ್ಲಿ ಆ ನೆಲ ಹೊಸದಾಗಿ ಭರ್ತಿ ಮಾಡಿದ ಮಣ್ಣು. ಮೊದಲ ಗಾಡಿ ಕಾಂಕ್ರೀಟ್ ಬಂದು ನಿಂತಿತ್ತು, ಎರಡನೆಯದು ದಾರಿಯಲ್ಲಿತ್ತು. ಆಗ ಸೆಂಟ್ರಿಂಗ್ ಮೇಸ್ತ್ರಿ ನನ್ನ ಹತ್ತಿರ ಬಂದು ಏನೂ ಮಾತಾಡದೆ ಕೆಳಗೆ ಕರೆದುಕೊಂಡು ಹೋದರು. ಈಶಾನ್ಯದ ಮೂಲೆಯಲ್ಲಿ ನಾಲ್ಕೈದು ಪ್ರಾಪ್ ಕೆಳಗೆ ಇಟ್ಟಂಗಿ ತುಂಡು ಕೊಟ್ಟಿದ್ದರು. ಹಿಂದಿನ ದಿನ ನೀರು ಹರಿದು ಅಲ್ಲಿ ಮಣ್ಣು ಮೆತ್ತಗಾಗಿತ್ತು. ಒಂದು ಪ್ರಾಪ್ ಕೈಯಿಂದ ಅಲ್ಲಾಡಿಸಿದರೆ ಅಲ್ಲಾಡುತ್ತಿತ್ತು. "ನಾ ಹೇಳೀನಿ ಅಂತ ಹೇಳಬ್ಯಾಡ್ರಿ" ಅಂದರು.

ಸಾವಕಾರರು ಮೇಲೆ ಟೆಂಗಿನಕಾಯಿ ಒಡೆಯಲು ಕೈ ಎತ್ತಿದ್ದರು. ನಾನು ನಿಲ್ಲಿಸಿ ಅಂದೆ. ಅವರ ಮುಖ ಕೆಂಪಾಯಿತು. ಗಾಡಿಯಲ್ಲಿರುವ ಕಾಂಕ್ರೀಟ್ ಕಾಯುವುದಿಲ್ಲ, ಕಟ್ಟಿಕೊಂಡರೆ ದುಡ್ಡು ನೀರಿಗೆ. ನಾಲ್ಕು ಜನರೆದುರಿಗೆ "ನೀ ಎಂಜಿನಿಯರ್ ಆಗಿ ಎಷ್ಟ ವರ್ಷ ಆತು?" ಅಂತಲೂ ಕೇಳಿದರು. ನಾನು ಕೆಳಗೆ ಬಂದು ಪ್ರಾಪ್ ಅಲ್ಲಾಡಿಸಿ ನೋಡಿ ಅಂತ ಅಷ್ಟೇ ಹೇಳಿದೆ. ಬಂದು ಅಲ್ಲಾಡಿಸಿದರು. ಆಮೇಲೆ ಅವರೇ ನಿಂತು ಇಟ್ಟಂಗಿ ತೆಗೆಸಿ, ಅಗಲದ ಹಲಗೆ ಕೊಡಿಸಿ, ಪಕ್ಕಕ್ಕೆ ಇನ್ನೊಂದು ಸಾಲು ಪ್ರಾಪ್ ಹಾಕಿಸಿದರು. ಬಂದಿದ್ದ ಗಾಡಿಯನ್ನು ಪಕ್ಕಾ ನೆಲದ ಮೇಲಿದ್ದ ಆಚೆ ತುದಿಯ ಕಂಬಗಳಿಗೆ ತಿರುಗಿಸಿದೆವು. ಹಾಳಾದದ್ದು ಏನೂ ಇಲ್ಲ. ಮೇಸ್ತ್ರಿಯ ಹೆಸರನ್ನು ನಾನು ಇವತ್ತಿಗೂ ಹೇಳಿಲ್ಲ, ಅವರೂ ನನ್ನ ಕಡೆ ನೋಡದೆ ಓಡಾಡುತ್ತಾರೆ.

ನಮ್ಮ ಕಡೆ ಇಂಥ ಮಾತು ಎತ್ತಿದಾಗ ಎಲ್ಲರೂ ಧಾರವಾಡವನ್ನು ನೆನೆಯುತ್ತಾರೆ. 2019ರ ಮಾರ್ಚ್ 19ರಂದು ಕುಮಾರೇಶ್ವರ ನಗರದಲ್ಲಿ ಕಟ್ಟುತ್ತಿದ್ದ ಕಟ್ಟಡ ಕುಸಿದು 19 ಜನ ಸತ್ತರು. ನಮ್ಮೂರಲ್ಲಿ ಆದ ದುರಂತ ಕಟ್ಟಡದ ಕೆಲಸದ್ದಲ್ಲ, ಆದರೂ ನನಗೆ ಮರೆಯಲು ಆಗುವುದಿಲ್ಲ. 2023ರ ಡಿಸೆಂಬರ್‌ನಲ್ಲಿ ವಿಜಯಪುರದ ಕೈಗಾರಿಕಾ ಪ್ರದೇಶದ ಗೋದಾಮಿನಲ್ಲಿ ಮೆಕ್ಕೆಜೋಳದ ರಾಶಿ ಜನರ ಮೇಲೆ ಕುಸಿಯಿತು. ಏಳು ಜನ ಸತ್ತರು. ಬಿಹಾರದಿಂದ ದುಡಿಯಲು ಬಂದವರು. ಊರಿಗೆ ಊರೇ ರಾತ್ರಿಯೆಲ್ಲ ಸುದ್ದಿ ನೋಡುತ್ತಾ ಕೂತಿತ್ತು. ಅದಾದ ಮೇಲೆ ನಮ್ಮ ಬಿಹಾರದ ಹುಡುಗರಿಗೆ ಊರಿನಿಂದ ಬರುವ ಫೋನು ಜಾಸ್ತಿಯಾಯಿತು. "ಎಲ್ಲಿದ್ದೀಯ, ಮೇಲೆ ಏನಿದೆ, ಕೆಳಗೆ ಏನಿದೆ" ಅಂತ ತಾಯಂದಿರು ಕೇಳುತ್ತಿದ್ದರಂತೆ. ಯಾವ ಫಾರ್ಮಿಗಿಂತಲೂ ನೇರವಾದ ತಪಾಸಣೆ ಅದು.

ಹೊಸ ಸಂಹಿತೆಯಲ್ಲಿ ಒಂದು ಒಳ್ಳೆಯ ಮಾತಿದೆ. ಜೀವಕ್ಕೆ ಅಪಾಯ ಇದೆ ಅನ್ನಿಸಿದರೆ ಕಾರ್ಮಿಕರು ಮಾಲೀಕರಿಗೂ ಅದೇ ಹೊತ್ತಿಗೆ ಇನ್ಸ್‌ಪೆಕ್ಟರಿಗೂ ತಿಳಿಸಬಹುದು. ಇದನ್ನು ಹಿಂದಿಯಲ್ಲೂ ಕನ್ನಡದಲ್ಲೂ ಎಲ್ಲರಿಗೂ ಹೇಳಿದೆ. ಇಂಡಿ ಕಡೆಯ ಒಬ್ಬ ಹುಡುಗ ಕೇಳಿದ, "ಇನ್ಸ್‌ಪೆಕ್ಟರ್ ಅಂದ್ರ ಪೊಲೀಸ್ನವ್ರೇನ್ರಿ?" ಅಲ್ಲಪ್ಪಾ, ಕಾರ್ಮಿಕ ಇಲಾಖೆಯವರು ಅಂದೆ. "ಹಂಗಾದ್ರ ಕಾರ್ಡ್ ಕೊಡೋರು" ಅಂದ. ಅವನಿಗೆ ಇಲಾಖೆ ಅಂದರೆ ಕಲ್ಯಾಣ ಮಂಡಳಿಯ ಕಾರ್ಡು. ಹಿಂದಿನ ವರ್ಷದಲ್ಲಿ 90 ದಿನ ಕಟ್ಟಡ ಕೆಲಸ ಮಾಡಿದ್ದರೆ ಸಿಗುವ ಕಾರ್ಡ್. ಕಟ್ಟಡದ ಖರ್ಚಿನ ಮೇಲೆ ಕಟ್ಟುವ ಶೇಕಡಾ 1ರ ಸೆಸ್ ಆ ಮಂಡಳಿಗೇ ಹೋಗುತ್ತದೆ. ಆ ಕಾರ್ಡ್ ಮಾಡಿಸಿಕೊಡುವ ನೆಪದಲ್ಲೇ ನಾನು ಇಲಾಖೆಯ ಕಚೇರಿ ಎಲ್ಲಿದೆ, ಯಾರನ್ನು ಕೇಳಬೇಕು ಅಂತ ತೋರಿಸಿಕೊಟ್ಟೆ.

ತಪಾಸಣೆಯವರನ್ನು ಬರೀ ಬೈದೆ ಅಂತ ಆಗಬಾರದು. ಮಾಲೀಕರ ಕಡೆಯ ಕನ್ಸಲ್ಟೆಂಟ್ ಒಬ್ಬರು ಹೇಳದೆ ಕೇಳದೆ ಸಂಜೆ ಐದೂವರೆಗೆ ಬರುತ್ತಾರೆ. ಫೈಲ್ ಕೇಳುವುದಿಲ್ಲ. ನೇರ ಮೇಲೆ ಹೋಗಿ, ಕೆಲಸ ಮಾಡುವವರ ಪಕ್ಕ ನಿಂತು "ನಿನ್ನೆ ಇಲ್ಲಿ ಏನ್ ಮಾಡಿದ್ರಿ? ಹ್ಯಾಂಗ ಹತ್ತಿದ್ರಿ? ತೋರಿಸ್ರಿ" ಅನ್ನುತ್ತಾರೆ. ಹತ್ತಿ ತೋರಿಸುವಾಗ ಏಣಿ ಗೋಡೆಯ ಅಂಚಿಗಿಂತ ಒಂದು ಮೀಟರ್ ಮೇಲಕ್ಕೆ ಇದೆಯೋ ಇಲ್ಲವೋ, ಕೈ ಎಲ್ಲಿ ಹಿಡಿಯುತ್ತಾರೆ, ಹಗ್ಗ ಎಲ್ಲಿ ಕಟ್ಟಿದೆ, ಎಲ್ಲ ಕಂಡುಬಿಡುತ್ತದೆ. ಒಂದು ಸಲ ನಮ್ಮ ಸೇಫ್ಟಿ ಬೆಲ್ಟಿನ ಕೊಕ್ಕೆಯನ್ನು ಸ್ಕ್ಯಾಫೋಲ್ಡಿಂಗಿನ ಯಾವ ಪೈಪಿಗೆ ಹಾಕಿದ್ದಾರೆ ನೋಡಿದರು. ಆ ಪೈಪಿನ ಇನ್ನೊಂದು ತುದಿಯನ್ನು ಯಾವುದಕ್ಕೂ ಕಟ್ಟೇ ಇರಲಿಲ್ಲ. ಬೆಲ್ಟ್ ಇದೆ, ಟಿಕ್ ಇದೆ, ಬಿದ್ದರೆ ಪೈಪಿನ ಸಮೇತ ಕೆಳಗೆ. ಅವರು ಬರುವ ದಿನ ನನಗೆ ಹೊಟ್ಟೆಯಲ್ಲಿ ತಳಮಳ, ಆದರೂ ಬರಲಿ ಅನ್ನಿಸುತ್ತದೆ.

ಲಿಫ್ಟ್ ಮಷಿನ್ ಕಥೆ ಹೇಳುತ್ತೇನೆ ಅಂದಿದ್ದೆ. ಬಾಡಿಗೆಗೆ ಸಿಗುತ್ತದೆ, ಬೆಲೆ ವಿಚಾರಿಸಿ ಹಾಳೆಯನ್ನೂ ಕೊಟ್ಟಿದ್ದೇನೆ. "ಮೂರನೇ ಸ್ಲ್ಯಾಬಿಗೆ ನೋಡೋಣ" ಅಂದಿದ್ದಾರೆ ಸಾವಕಾರರು. ಬುಟ್ಟಿ ಹೊರುವ ಹೆಂಗಸರಿಗೆ ಇದರಲ್ಲಿ ಬೇರೆ ಚಿಂತೆ. ಮಷಿನ್ ಬಂದರೆ ನಮ್ಮ ಕೆಲಸ ಹೋಗುತ್ತದಾ ಅಂತ ಆ ತಾಂಡಾದವಳೇ ಕೇಳಿದಳು. ಕೆಳಗೆ ತುಂಬಲು, ಮೇಲೆ ಇಳಿಸಲು ಜನ ಬೇಕೇ ಬೇಕು, ಅಷ್ಟೇ ಜನ ಬೇಕಾಗುತ್ತದೆ ಅಂತ ಹೇಳಲು ನನಗೆ ಬಾಯಿ ಬರಲಿಲ್ಲ, ಯಾಕೆಂದರೆ ಅದು ನಿಜವಲ್ಲ. ಯಾರನ್ನೂ ಬಿಡಿಸದೆ ಗಿಲಾವಿನ ಗ್ಯಾಂಗಿಗೆ ಕೊಡಿ ಅಂತ ಸಾವಕಾರರ ಹತ್ತಿರ ಮಾತಾಡಿದ್ದೇನೆ, ಉತ್ತರ ಬಂದಿಲ್ಲ. ಬರುವ ಶನಿವಾರ ಬಟವಾಡೆಗೆ ಅವರು ಸೈಟಿಗೆ ಬರುತ್ತಾರೆ. ಆವತ್ತು ಮತ್ತೆ ಕೇಳಬೇಕು.